ಜಿ0 (ವಿಭಜನೆ ನಿಲ್ಲಿಸಿ ವಿಶ್ರಾಂತಿಯಲ್ಲಿರುವ) ಕೋಶಗಳಿಗೆ ಎಂಜಿ132 ಎಂಬ ರಾಸಾಯನಿಕ ಹಾಕಿ ಪ್ರೋಟೀನ್ ವಿಘಟನೆ ನಿಲ್ಲಿಸಿದರೂ ಅವು ಯಾಕೆ ವಿಭಜನೆಗೆ ಇಳಿಯುವುದಿಲ್ಲ?

ಸೀರಮ್ (ಬೆಳೆಯಲು ಪ್ರಚೋದನೆ ಕೊಡುವ ರಕ್ತದ ದ್ರವ) ಇಳಿಸಿ ವಿಶ್ರಾಂತಿಗೆ ತಂದ ಫೈಬ್ರೋಬ್ಲಾಸ್ಟ್‌ಗಳಿಗೆ 24 ಗಂಟೆ ಎಂಜಿ132 ಕೊಟ್ಟಿದ್ದೀರಿ, ಸತ್ತುಹೋದವು. ಸಾಯದೇ ಇದ್ದಿದ್ದರೇ ಆಶ್ಚರ್ಯ. ವಿಘಟನೆ ವಿಭಜನೆಗೆ ಅಡ್ಡಿ, ಅದನ್ನು ತೆಗೆದರೆ ಕೋಶ ಮುಂದೆ ಸಾಗುತ್ತದೆ ಎಂಬ ನಿಮ್ಮ ಲೆಕ್ಕವೇ ತಪ್ಪು. ತಡೆಯುವುದೂ ಅದೇ, ದಾರಿ ಬಿಡುವುದೂ ಅದೇ.

ಜಿ0ದಲ್ಲಿ ಎಪಿಸಿ/ಸಿ–ಸಿಡಿಎಚ್1 ಲೈಗೇಸ್ (ಒಡೆಯಬೇಕಾದ ಪ್ರೋಟೀನ್‌ಗೆ ಗುರುತು ಅಂಟಿಸುವ ಕಿಣ್ವ) ಸುಮ್ಮನೆ ಕೂತಿರುವುದಿಲ್ಲ. ವಿಭಜನೆಗೆ ಚಾಲನೆ ಕೊಡುವ ಸೈಕ್ಲಿನ್ ಎ ಜತೆಗೆ ಎಸ್‌ಕೆಪಿ2, ಸಿಕೆಎಸ್1 ಎಂಬ ಪ್ರೋಟೀನ್‌ಗಳಿಗೂ ಯುಬಿಕ್ವಿಟಿನ್ ಎಂಬ ಆ ಗುರುತು ಅಂಟಿಸಿ ವಿಘಟನೆಗೆ ಕಳಿಸುತ್ತಿರುತ್ತದೆ. ವಿಭಜನೆಗೆ ಕಡಿವಾಣ ಹಾಕುವ ಪಿ27 ಪ್ರೋಟೀನನ್ನು ಒಡೆಸಬೇಕಾದವರೇ ಆ ಇಬ್ಬರು. ಅವರಿಲ್ಲದೆ ಪಿ27 ಉಳಿದುಕೊಂಡು ಕೋಶವನ್ನು ಮುಂದೆ ತಳ್ಳುವ ಕಿಣ್ವ ಸಿಡಿಕೆ2 ಅನ್ನು ಹಿಡಿದಿಡುತ್ತದೆ. ಸೀರಮ್ ಕೊಟ್ಟಮೇಲೆ ಸೈಕ್ಲಿನ್ ಡಿ, ಆಮೇಲೆ ಸೈಕ್ಲಿನ್ ಇ ಏರುತ್ತವೆ. ಸಿಡಿಎಚ್1 ಆರಿಹೋಗಿ ಎಸ್‌ಕೆಪಿ2 ಉಳಿಯುತ್ತದೆ. ಸಿಡಿಕೆ2 ಪಿ27ರ 187ನೇ ಥ್ರಿಯೋನಿನ್‌ಗೆ ಫಾಸ್ಫೇಟ್ ಹಾಕಿದರೆ ಎಸ್‌ಸಿಎಫ್–ಎಸ್‌ಕೆಪಿ2 ಎಂಬ ಇನ್ನೊಂದು ಲೈಗೇಸ್ ಅದನ್ನು ಗುರುತಿಸುತ್ತದೆ. ಪಿ27 ಇಳಿಯುತ್ತದೆ, ಡಿಎನ್‌ಎ ನಕಲಾಗುವ ಎಸ್ ಹಂತ ಶುರು.

ಎಂಜಿ132 ತಡೆಯುವುದು ಗುರುತು ಬಿದ್ದ ಪ್ರೋಟೀನ್‌ಗಳನ್ನು ಒಡೆಯುವ ಪ್ರೋಟಿಯಾಸೋಮನ್ನು. ಕಸ ಎತ್ತುವವರು (ಲೈಗೇಸ್‌ಗಳು) ಬೇರೆ ಬೇರೆ, ಗಾಡಿ (ಪ್ರೋಟಿಯಾಸೋಮ್) ಒಂದೇ. ನೀವು ನಿಲ್ಲಿಸಿದ್ದು ಗಾಡಿಯನ್ನು. ಸೈಕ್ಲಿನ್ ಉಳಿಯಿತು ಸರಿ, ಪಿ27 ಕೂಡ ಉಳಿಯಿತಲ್ಲ! ಮೇಲಾಗಿ ಮತ್ತೆ ಬಳಕೆಗೆ ಬರಬೇಕಾದ ಯುಬಿಕ್ವಿಟಿನ್ ಸಿಕ್ಕಿಬೀಳುತ್ತದೆ, ತಪ್ಪಾಗಿ ಮಡಿಚಿಕೊಂಡ ಪ್ರೋಟೀನ್‌ಗಳು ರಾಶಿಯಾಗುತ್ತವೆ. 24 ಗಂಟೆಯ ಬ್ಲಾಟ್‌ನಲ್ಲಿ (ಪ್ರೋಟೀನ್ ಪ್ರಮಾಣ ತೋರಿಸುವ ಪರೀಕ್ಷೆ) ಕಾಣುವುದು ಬಹುಪಾಲು ಸಾವಿನ ಗುರುತುಗಳೇ. ಎಂಜಿ132 ಹಾಕುವುದಾದರೆ 10 ಮೈಕ್ರೊಮೋಲಾರ್, ಪರೀಕ್ಷೆಗೆ ಕೋಶ ಕೊಯ್ಯುವ ಮುಂಚಿನ 4 ಗಂಟೆ ಮಾತ್ರ. ಅದಕ್ಕಿಂತ ಹೆಚ್ಚು ಬೇಡ.

ಹೀಲಾ ಕೋಶಗಳನ್ನು ಬಳಸಬೇಡಿ, ಅದರಲ್ಲಿ ವೈರಸ್‌ನ ಇ7 ಪ್ರೋಟೀನ್ ವಿಭಜನೆ ತಡೆಯುವ ಆರ್‌ಬಿಯನ್ನು ಕೆಡಿಸಿರುವುದರಿಂದ ಸೀರಮ್ ತೆಗೆದರೂ ಸರಿಯಾಗಿ ನಿಲ್ಲುವುದಿಲ್ಲ. ಆರ್‌ಪಿಇ1 ಅಥವಾ ಎನ್‌ಐಎಚ್3ಟಿ3 ಕೋಶಗಳಿರಲಿ. 0.5% ಅಥವಾ ಕಡಿಮೆ ಸೀರಮ್‌ನಲ್ಲಿ 48 ಗಂಟೆ, ನಂತರ 10% ಕೊಟ್ಟು 4 ಗಂಟೆಗೊಮ್ಮೆ 20ನೇ ಗಂಟೆಯವರೆಗೆ ಸ್ಯಾಂಪಲ್. ಪಿ27, ಎಸ್‌ಕೆಪಿ2, ಸೈಕ್ಲಿನ್ ಎ ಬ್ಲಾಟ್ ಮಾಡಿ. ಪ್ರತಿ ಸ್ಯಾಂಪಲ್‌ಗೂ ಮುಂಚೆ 30 ನಿಮಿಷ ಇಡಿಯು (ಹೊಸದಾಗಿ ನಕಲಾಗುವ ಡಿಎನ್‌ಎಯನ್ನು ಗುರುತಿಸುವ ವಸ್ತು) ಹಾಕಿ. ಪಿ27 ಎಷ್ಟು ಹೊತ್ತು ಉಳಿಯುತ್ತದೆಂದು ನೋಡಲು, ಹೊಸ ಪ್ರೋಟೀನ್ ತಯಾರಿ ನಿಲ್ಲಿಸುವ ಸೈಕ್ಲೋಹೆಕ್ಸಿಮೈಡ್ ಅನ್ನು ಸೀರಮ್ ಜತೆಗೇ ಹಾಕಿದರೆ ಸೈಕ್ಲಿನ್ ಡಿ ತಯಾರಾಗುವುದೇ ಇಲ್ಲ, ಪಿ27 ಸ್ಥಿರವಾಗಿದೆಯೆಂಬ ಸುಳ್ಳು ಫಲಿತಾಂಶ ಬರುತ್ತದೆ. 12ನೇ ಗಂಟೆಗೆ ಹಾಕಿ.

ಗಾಡಿಯ ಬದಲು ಕಸ ಎತ್ತುವವರನ್ನೇ ನಿಲ್ಲಿಸಬೇಕೆಂದರೆ, ಎಂಎಲ್‌ಎನ್4924 ಎಂಬ ರಾಸಾಯನಿಕ ಎಸ್‌ಸಿಎಫ್ ಸೇರಿದ ಕುಲಿನ್ ಲೈಗೇಸ್‌ಗಳನ್ನು ನಿಲ್ಲಿಸುತ್ತದೆ, ಎಪಿಸಿ/ಸಿಯನ್ನು ಮುಟ್ಟುವುದಿಲ್ಲ. ಆದರೆ ಡಿಎನ್‌ಎ ನಕಲಿಗೆ ಅನುಮತಿ ಕೊಡುವ ಸಿಡಿಟಿ1 ಕೂಡ ಉಳಿದು ಡಿಎನ್‌ಎ ಮತ್ತೆ ಮತ್ತೆ ನಕಲಾಗಬಹುದು, ಹಾಗಾಗಿ ನನ್ನ ಮತ ಎಸ್‌ಐಆರ್‌ಎನ್‌ಎಗೆ (ಆರಿಸಿದ ಜೀನ್‌ನ ಪ್ರೋಟೀನ್ ತಯಾರಿಯನ್ನು ತಗ್ಗಿಸುವ ಚಿಕ್ಕ ಆರ್‌ಎನ್‌ಎ). ನಿಮ್ಮ ಮೂಲ ಪ್ರಶ್ನೆಗೆ ತಕ್ಕ ಪ್ರಯೋಗ ಎಸ್‌ಐಆರ್‌ಎನ್‌ಎಯಿಂದ ಸಿಡಿಎಚ್1 ಪ್ರಮಾಣದ ಕಡಿತ: ಎಸ್‌ಕೆಪಿ2 ಏರಿ ಪಿ27 ಇಳಿಯಬೇಕು. ಸೀರಮ್ ಇಳಿಸುವ ಮೊದಲೇ ಕಡಿತ ಮಾಡಿದರೆ ಕೋಶಗಳು ಜಿ0ಗೆ ನೆಟ್ಟಗೆ ಬರುವುದಿಲ್ಲ. ಇಳಿಸಿ ಒಂದು ದಿನವಾದ ಮೇಲೆ ಟ್ರಾನ್ಸ್‌ಫೆಕ್ಟ್ ಮಾಡಿ (ಎಸ್‌ಐಆರ್‌ಎನ್‌ಎಯನ್ನು ಕೋಶದೊಳಗೆ ಸೇರಿಸಿ).