ಪಿಯಾನೋ ಕಲಿಯಲು ಹಾಡಲೇಬೇಕಾ?

ಪಿಯಾನೋ ಪಾಠಕ್ಕೆ ಸೇರಿದ್ದೀರಿ. ಟೀಚರ್ ಪ್ರತಿ ಸಲವೂ ಮೊದಲು ಹಾಡಿಸುತ್ತಾರೆ. ನಿಮಗೆ ಹಾಡಲು ಬರುವುದಿಲ್ಲ, ಮುಜುಗರ ಬೇರೆ. ನುಡಿಸುವುದು ಬೆರಳಲ್ಲಿ ತಾನೇ, ಗಂಟಲಿಗೇನು ಕೆಲಸ ಅಂತ ಕೇಳಿದ್ದೀರಿ. ನಾನು ಹಲವು ವರ್ಷಗಳಿಂದ ಪಿಯಾನೋ ಹೇಳಿಕೊಡುತ್ತಿದ್ದೇನೆ. ನಿಮ್ಮ ಟೀಚರ್ ಮಾಡುತ್ತಿರುವುದು ಸರಿ. ದಯವಿಟ್ಟು ಅವರನ್ನು ಬಿಡಬೇಡಿ.

ವಯಲಿನ್ ನುಡಿಸುವವರ ಬೆರಳು ಕೂದಲೆಳೆಯಷ್ಟು ಜರುಗಿದರೂ ಅಪಸ್ವರ ಬರುತ್ತದೆ. ಕಿವಿಗೊಡದೆ ಅವರಿಗೆ ಗತಿಯಿಲ್ಲ. ಪಿಯಾನೋ ಹಾಗಲ್ಲ. 88 ಕೀಗಳಲ್ಲಿ ಯಾವುದನ್ನು ಒತ್ತಿದರೂ ಮೊದಲೇ ಶ್ರುತಿ ಮಾಡಿಟ್ಟ ಸ್ವರ ಬರುತ್ತದೆ. ಹಾಳೆಯಲ್ಲಿ ನೋಟ್ ನೋಡಿ ಕೀ ಒತ್ತಿದರಾಯಿತು. ಒಂದು ಸ್ವರವನ್ನೂ ಕೇಳಿಸಿಕೊಳ್ಳದೆ ಇಡೀ ಪೀಸ್ ತಪ್ಪಿಲ್ಲದೆ ಮುಗಿಸಿಬಿಡಬಹುದು, ಟೈಪ್ ಮಾಡಿದ ಹಾಗೆ.

ನಾನು ಕಲಿತದ್ದೇ ಹಾಗೆ. ಒಂದು ಕಾರ್ಯಕ್ರಮದಲ್ಲಿ ನುಡಿಸುತ್ತಿದ್ದಾಗ ನಡುವೆ ಎಡಗೈ ತಪ್ಪಿತು, ಹಿಂದೆಯೇ ಬಲಗೈಯೂ ನಿಂತಿತು. ಮುಂದೆ ಏನಿದೆ ಅಂತ ಬೆರಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಮತ್ತೆ ಮೊದಲಿನಿಂದಲೇ ಶುರು ಮಾಡಬೇಕಾಯಿತು. ಆ ಪೀಸನ್ನು ನೂರಾರು ಸಲ ನುಡಿಸಿದ್ದೆ. ಒಂದು ಸಲವೂ ಗುನುಗಿರಲಿಲ್ಲ. ರಾಗ ತಲೆಯಲ್ಲಿ ಇದ್ದಿದ್ದರೆ ಬಲಗೈ ಹೇಗೋ ಮುಂದಿನ ಸಾಲು ಹಿಡಿಯುತ್ತಿತ್ತು.

'ನನ್ನ ದನಿ ಚೆನ್ನಾಗಿಲ್ಲ' ಅಂತ ಬರೆದಿದ್ದೀರಿ. ದನಿ ಹೇಗಿದ್ದರೂ ಪರವಾಗಿಲ್ಲ, ಗುನುಗಿದರೂ ಸಾಕು. ಸ್ವರ ಸಿಗುತ್ತಿಲ್ಲ ಅನ್ನುವವರಲ್ಲಿ ಎಷ್ಟೋ ಜನರ ತೊಂದರೆ ಬರೀ ಎತ್ತರದ್ದು. ಮಿಡಲ್ ಸಿ (ಕೀಬೋರ್ಡಿನ ನಡುವಿನ ಸಿ) ಮೇಲಿನ ಸ್ವರಗಳನ್ನು ಗಂಡಸರು ಅದೇ ಎತ್ತರದಲ್ಲಿ ಹಾಡಲು ಹೋದರೆ ಗಂಟಲು ಕಟ್ಟುತ್ತದೆ. ಒಂದು ಸ್ಥಾಯಿ ಕೆಳಗೆ ಹಾಡಿ. ಸ್ವರದ ಹೆಸರು ಅದೇ, ತಪ್ಪೇನಲ್ಲ. ಇನ್ನೊಂದು ವಿಷಯ. ಪಿಯಾನೋದ ಸ್ವರ ಹೊಡೆತದಿಂದ ಹುಟ್ಟಿ ತಕ್ಷಣ ಕ್ಷೀಣಿಸುತ್ತದೆ, ಹೊಸಬರಿಗೆ ಅದನ್ನು ಹಿಡಿಯುವುದು ಕಷ್ಟ. ಆದ್ದರಿಂದ ಉಲ್ಟಾ ಮಾಡಿ. ನಿಮಗೆ ಸಲೀಸಾದ ಒಂದು ಸ್ವರವನ್ನು ಮೊದಲು ನೀವೇ ಗುನುಗಿ, ಆಮೇಲೆ ಅದನ್ನು ಕೀಗಳಲ್ಲಿ ಹುಡುಕಿ. ಇದು ಮೇಲಿದೆಯಾ, ಕೆಳಗಿದೆಯಾ, ಇನ್ನೊಂದು ಕೀ ಆಚೆಗಾ ಅಂತ ಹುಡುಕುವಾಗಲೇ ಕಿವಿ ಪಳಗುತ್ತದೆ. ನನ್ನ ಅನುಭವದಲ್ಲಿ ದೊಡ್ಡವರಿಗೆ ಇದಕ್ಕಿಂತ ಒಳ್ಳೆಯ ಶುರು ಇಲ್ಲ.

ಸ್ವಲ್ಪ ಕುದುರಿದ ಮೇಲೆ ಇದನ್ನು ಮಾಡಿ ನೋಡಿ. ಎರಡು ಬಾರ್ (ಹಾಳೆಯಲ್ಲಿ ಎರಡು ಉದ್ದಗೆರೆಗಳ ನಡುವಿನ ತುಂಡು ಒಂದು ಬಾರ್) ನುಡಿಸಿ, ಕೈ ಎತ್ತಿ, ಮುಂದಿನ ಎರಡು ಬಾರ್ ಹಾಡಿ. ಲಯ ನಿಲ್ಲಿಸಬೇಡಿ. ಮತ್ತೆ ಕೀಗೆ ಬಂದಾಗ ನಿಮ್ಮ ದನಿಯೂ ಪಿಯಾನೋವೂ ಒಂದೇ ಜಾಗದಲ್ಲಿ ಇವೆಯಾ? ಇಲ್ಲದಿದ್ದರೆ ಎಲ್ಲಿ ಜಾರಿತು ಅಂತ ಹುಡುಕಿ. ಬಹಳ ಸಲ ನೀವು ಸರಿಯಾಗಿ ಕೇಳಿಸಿಕೊಳ್ಳದೇ ನುಡಿಸುತ್ತಿದ್ದ ಜಾಗ ಅದೇ ಆಗಿರುತ್ತದೆ.

ನನಗೆ ತುಂಬಾ ಇಷ್ಟವಾದ ಇನ್ನೊಂದು ಇದೆ. ಮೊದಲು ಸಿ ಸ್ಕೇಲ್, ಅಂದರೆ ಸಿಯಿಂದ ಮುಂದಿನ ಸಿವರೆಗಿನ ಬಿಳಿ ಕೀಗಳ ಸ್ವರಗಳನ್ನು, ಹಾಡಿಕೊಳ್ಳಿ. ಆಮೇಲೆ ಜಿ ಕೀಯಿಂದ ಶುರು ಮಾಡಿ, ಅದೇ ರಾಗ ಬರಬೇಕು ಅಂತ ಹಾಡುತ್ತಾ ಬರೀ ಬಿಳಿ ಕೀ ಒತ್ತುತ್ತಾ ಹೋಗಿ. ಏಳನೇ ಸ್ವರ ಎಫ್ ಬಂದಾಗ ಕಿವಿಗೆ ಚುಚ್ಚುತ್ತದೆ. ನಿಮ್ಮ ದನಿ ಮೇಲೆ ಹೋಗಿರುತ್ತದೆ, ಪಿಯಾನೋ ಕೆಳಗೆ ಉಳಿದಿರುತ್ತದೆ. ಪಕ್ಕದ ಕಪ್ಪು ಕೀ, ಅಂದರೆ ಎಫ್ ಶಾರ್ಪ್, ಒತ್ತಿ ನೋಡಿ, ಸರಿಹೋಗುತ್ತದೆ. ಜಿ ಸ್ಕೇಲಿನಲ್ಲಿ ಎಫ್ ಶಾರ್ಪ್ ಯಾಕೆ ಅಂತ ಉರು ಹೊಡೆಯಬೇಕಾಗಿಯೇ ಇಲ್ಲ. ಪುಟ್ಟ ಮಕ್ಕಳು ಆ ಕೀಯನ್ನು ತಾವೇ ಹುಡುಕಿದಾಗ ಅವರ ಮುಖ ನೋಡಬೇಕು!

ಕಾರ್ಡ್‌ಗಳಿಗೂ ಇದೇ ದಾರಿ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಸಿ, ಇ, ಜಿ ಒಟ್ಟಿಗೆ ಒತ್ತಿ, ನಡುವಿನ ಇ ಮಾತ್ರ ಹಾಡಿ. ನಡುವಿನ ಸ್ವರ ಅಡಗಿ ಕೂತಿರುತ್ತದೆ, ಹಾಡದೆ ಸಿಗುವುದಿಲ್ಲ. ಅದನ್ನು ಎಡಕ್ಕಿರುವ ಪಕ್ಕದ ಕಪ್ಪು ಕೀಗೆ ಇಳಿಸಿ ಮತ್ತೆ ಹಾಡಿ. ಉಲ್ಲಾಸದ ಮೇಜರ್ ಹೋಗಿ ವಿಷಾದದ ಮೈನರ್ ಆಯಿತು ಅಲ್ವಾ?

ಡೊ ರೆ ಮಿ ಅಂತ ಹಾಡಬೇಕಾ, ಸುಮ್ನೆ 'ಲಾ' ಅಂದರೆ ಸಾಕಾ? ಎರಡೂ ನಡೆಯುತ್ತದೆ. ಆ ಅಕ್ಷರಗಳು ಹುಟ್ಟಿದ್ದೇ ಇಂಥ ಕೆಲಸಕ್ಕೆ. ಸುಮಾರು 1,000 ವರ್ಷಗಳ ಹಿಂದೆ ಇಟಲಿಯ ಗ್ವೀಡೋ ಎಂಬ ಸನ್ಯಾಸಿ, ಹಾಡುವವರು ಹೊಸ ಹಾಡನ್ನು ಬೇಗ ಕಲಿಯಲಿ ಅಂತ ಉತ್ (ಈಗಿನ ಡೊ), ರೆ, ಮಿ ಎಂದು ಹೇಳಿಕೊಟ್ಟರು. ಕೆಲವರು ಸಿ ಕೀಯನ್ನು ಮಾತ್ರ ಡೊ ಅನ್ನುತ್ತಾರೆ. ಇನ್ನು ಕೆಲವರು ಯಾವ ಸ್ಕೇಲ್ ಆದರೂ ಅದರ ಮೊದಲ ಸ್ವರವನ್ನು ಡೊ ಅನ್ನುತ್ತಾರೆ, ಸರಿಗಮದ ಷಡ್ಜದ ಹಾಗೆ. ಕಿವಿ ತಯಾರಾಗಲು ಎರಡನೆಯದೇ ಜಾಸ್ತಿ ಉಪಯೋಗ ಅಂತ ನನ್ನ ಅಭಿಪ್ರಾಯ.

ಉಸಿರಿನ ಬಗ್ಗೆಯೂ ಹೇಳಲೇಬೇಕು. ಪಿಯಾನೋದಲ್ಲಿ ಸುತ್ತಿಗೆ ತಂತಿಗೆ ಬಡಿದ ಮೇಲೆ ಆ ಸ್ವರವನ್ನು ಇನ್ನು ಏರಿಸಲು ಆಗುವುದಿಲ್ಲ. ಹಾಡುವವರು ಒಂದೇ ಸ್ವರವನ್ನು ಹಿಗ್ಗಿಸಬಲ್ಲರು. ನಾವು ಒಂದು ಸ್ವರಕ್ಕೂ ಮುಂದಿನದಕ್ಕೂ ತೂಕ ಹೊಂದಿಸಿ, ರಾಗ ಹರಿಯುತ್ತಿದೆ ಅನ್ನಿಸಬೇಕು. ಆ ತೂಕ ಎಷ್ಟು ಅಂತ ಹಾಳೆ ಪೂರ್ತಿ ಹೇಳುವುದಿಲ್ಲ. ಒಂದು ಸಲ ಹಾಡಿದರೆ ಎಲ್ಲಿ ಉಸಿರು ಬೇಕು, ಯಾವ ಸ್ವರದ ಕಡೆ ಸಾಲು ಹೊರಟಿದೆ ಅಂತ ಮೈಗೇ ಗೊತ್ತಾಗುತ್ತದೆ. ಪಿಯಾನೋ ಸಂಗೀತದ ದೊಡ್ಡ ರಚನಕಾರ ಷೋಪಾನ್ ತಮ್ಮ ಶಿಷ್ಯರಿಗೆ ಒಳ್ಳೆಯ ಒಪೆರಾ ಗಾಯಕರನ್ನು ಕೇಳಿ ಅಂತ ಹೇಳುತ್ತಿದ್ದರು.

ಎಲ್ಲವನ್ನೂ ಹಾಡಲು ಹೋಗಬೇಡಿ. ವೇಗದ ಓಟ, ದೂರದ ಜಿಗಿತ ಇರುವ ಕಡೆ ದನಿಗೆ ಆಗುವುದಿಲ್ಲ. ಅಲ್ಲಿ ಪ್ರತಿ ಬೀಟಿನ ಮೊದಲ ಸ್ವರ ಮಾತ್ರ ಹಾಡಿ. ದಿನಕ್ಕೆ ಐದು ನಿಮಿಷ ಸಾಕು, ಆದರೆ ಅದು ನುಡಿಸುವ ಮೊದಲೇ ಇರಲಿ. ಮುಜುಗರ ಆದರೆ ಟೀಚರ್ ಜೊತೆಗೇ ಹಾಡುತ್ತೀರಾ ಅಂತ ಕೇಳಿ. ಪಿಯಾನೋಗಿಂತ ಮನುಷ್ಯರ ದನಿಗೆ ದನಿ ಸೇರಿಸುವುದು ಸುಲಭ.