ಓಟವೋ, ಔಟೋ?

ಪ್ರಶ್ನೆ: ಬಸವನಗುಡಿ ಸುತ್ತಮುತ್ತಲಿನ ನಾವು ಹದಿನೈದು ಮಂದಿ ಭಾನುವಾರಗಳಂದು ಕ್ರಿಕೆಟ್ ಆಡುತ್ತೇವೆ. ರನೌಟ್‌ಗಳು ಹೆಚ್ಚು, ಸುಲಭದ ಕ್ಯಾಚ್‌ಗಳೂ ಇಬ್ಬರ ನಡುವೆ ಬೀಳುತ್ತವೆ. ಬಳಿಕ ವಾಟ್ಸ್ಆ್ಯಪ್ ಗುಂಪಿನಲ್ಲಿ ಜಗಳ. ಏನು ಮಾಡಬೇಕು?

ಉತ್ತರ: ನಿಮ್ಮ ಜಗಳ ಗುಂಪಿನಲ್ಲಿ ಕಾಣಿಸಿಕೊಂಡರೂ ಅದರ ಬೇರು ಇಪ್ಪತ್ತೆರಡು ಗಜದ ಪಿಚ್ಚಿನಲ್ಲಿದೆ. ಚೆಂಡು ಬ್ಯಾಟರ್‌ನ ಮುಂದೆ ಹೋದರೆ ಆತನೇ ಕರೆ ಕೊಡಬೇಕು, ಹಿಂದೆ ಹೋದರೆ ಎದುರು ತುದಿಯವನು ಕೊಡಬೇಕು ಎಂಬುದು ಹಳೆಯ ವಾಡಿಕೆ. ಎರಡನೆಯ ಓಟಕ್ಕೆ ಅಪಾಯದ ತುದಿಯತ್ತ, ಅಂದರೆ ಚೆಂಡು ಎಸೆದು ಬರಬಹುದಾದ ಕಡೆಗೆ, ಓಡುವವನ ಮಾತೇ ನಡೆಯಲಿ. ಕರೆಯ ಪದಗಳನ್ನೂ ನಿಗದಿಪಡಿಸಿಕೊಳ್ಳಿ. ಕನ್ನಡ, ತಮಿಳು, ಹಿಂದಿ ಬೆರೆತ ಬೆಂಗಳೂರಿನ ತಂಡಗಳಲ್ಲಿ ಒಬ್ಬ ‘ಗೋ’ ಎಂದದ್ದು ಮತ್ತೊಬ್ಬನಿಗೆ ‘ನೋ’ ಎಂದು ಕೇಳಿಸುವುದು ಸಹಜ. ‘ಬಾ’ ಮತ್ತು ‘ಬೇಡ’ ಕೂಡ ಗದ್ದಲದಲ್ಲಿ ಒಂದೇ ಸದ್ದಾಗಿಬಿಡುತ್ತವೆ. ‘ಬಾ’, ‘ಇಲ್ಲ’, ‘ತಡೆ’ ಎಂಬ ಮೂರೇ ಪದಗಳು ಸಾಕು, ಆದರೆ ಅವನ್ನು ನೆಟ್ ಅಭ್ಯಾಸದಲ್ಲಿಯೂ ಗಟ್ಟಿಯಾಗಿ ಕೂಗಿ ರೂಢಿಸಿಕೊಳ್ಳಬೇಕು. (ನಾಚಿಕೆಯಿಂದ ಮೆಲ್ಲಗೆ ಕೂಗುವವರೇ ಹೆಚ್ಚು ಔಟಾಗುವುದನ್ನು ನಾನು ನೋಡಿದ್ದೇನೆ.)

ಎತ್ತರದ ಕ್ಯಾಚಿಗೆ ‘ನನ್ನದು’ ಎಂದು ಇಬ್ಬರು ಕೂಗಿದರೆ, ಮೈದಾನವೆಲ್ಲ ಎದುರಿಗೆ ಕಾಣುವ ವಿಕೆಟ್ ಕೀಪರ್ ಒಬ್ಬನ ಹೆಸರು ಹೇಳಲಿ; ಉಳಿದವನು ತಕ್ಷಣ ಸರಿಯಲಿ.

ಗುಂಪಿನಲ್ಲಿ ಸಮಯ, ಸ್ಥಳ ಮತ್ತು ಹನ್ನೊಂದರ ಪಟ್ಟಿ ಮಾತ್ರ ಇರಲಿ. ಪಟ್ಟಿಯಿಂದ ಹೊರಗುಳಿದವರಿಗೆ ನಾಯಕನು ಕಾರಣವನ್ನು ಮೊದಲೇ ಫೋನಿನಲ್ಲಿ ತಿಳಿಸಬೇಕು. ತಪ್ಪುಗಳ ವಿಚಾರಣೆಯನ್ನು ಆಟ ಮುಗಿದ ಕೂಡಲೇ ಅಲ್ಲ, ದೋಸೆ, ಕಾಫಿ ಆದಮೇಲೆ, ಎದುರೆದುರು ಕುಳಿತು ನಡೆಸಿ.