ನರ್ಸರಿಯಲ್ಲಿ ಜಾಣ, ಮನೆಗೆ ಬಂದರೆ ರಂಪ

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ನರ್ಸರಿಯಲ್ಲಿ ಹೇಳಿದ ಮಾತು ಕೇಳುತ್ತಾನೆ, ಯಾರ ತಂಟೆಗೂ ಹೋಗಲ್ಲ ಅಂತ ಟೀಚರ್ ಹೊಗಳುತ್ತಾರೆ. ಮನೆ ಹೊಸ್ತಿಲು ದಾಟಿದ ಕೂಡಲೇ ಬೇರೆಯೇ ಹುಡುಗ. ಬ್ಯಾಗ್ ಎಸೆಯುತ್ತಾನೆ. ಶೂ ಬಿಚ್ಚು ಅಂದರೆ ನೆಲಕ್ಕೆ ಬಿದ್ದು ಉರುಳಾಡುತ್ತಾನೆ. ‘ನೀನೇ ತಲೆ ಮೇಲೆ ಕೂರಿಸಿಕೊಂಡಿದ್ದೀಯ’ ಅಂತ ಮನೆಯವರೆಲ್ಲ ನನ್ನನ್ನೇ ಅನ್ನುತ್ತಾರೆ. ನಿಜಕ್ಕೂ ತಪ್ಪು ನನ್ನದೇನಾ?

ಉತ್ತರ: ಅಲ್ಲ. ಟೀಚರ್ ಹೇಳುವ ಹುಡುಗನೂ ಅವನೇ, ನೀವು ನೋಡುವವನೂ ಅವನೇ.

ಅವನ ಬೆಳಗ್ಗೆ ಹೇಗಿರುತ್ತದೆ ನೋಡಿ. ಸಾಲಿನಲ್ಲಿ ನಿಲ್ಲಬೇಕು. ಆಸೆಪಟ್ಟ ಕೆಂಪು ಕಾರು ಇನ್ನೊಬ್ಬನ ಕೈಯಲ್ಲಿದ್ದರೆ ಕಾಯಬೇಕು. ಯಾರೋ ತಳ್ಳಿದರೆ ತಿರುಗಿ ತಳ್ಳಬಾರದು. ಅಳು ಬಂದರೂ ನುಂಗಿಕೊಳ್ಳಬೇಕು. ತನ್ನನ್ನು ತಾನು ತಡೆದುಕೊಳ್ಳುವ ಈ ಕೆಲಸ ಹೆಚ್ಚಾಗಿ ಮೆದುಳಿನ ಮುಂಭಾಗದ್ದು. ಆ ಭಾಗ ಪೂರ್ತಿ ಬಲಿಯುವಷ್ಟರಲ್ಲಿ ವಯಸ್ಸು 20 ದಾಟಿರುತ್ತದೆ. ನಾಲ್ಕು ವರ್ಷದವನು ಬೆಳಗ್ಗೆಯಿಂದ ತಡೆದು ತಡೆದು ಸುಸ್ತಾಗಿ ಬರುತ್ತಾನೆ. ಅಷ್ಟನ್ನೂ ಬಿಚ್ಚಿ ಹಾಕಲು ಅವನಿಗೆ ಧೈರ್ಯ ಇರುವ ಜಾಗ ಒಂದೇ, ಅದು ನಿಮ್ಮ ಮುಂದೆ.

ಹಾಗಂತ ಸುಮ್ನೆ ಬಿಟ್ಟುಬಿಡಿ ಅಂತ ಹೇಳುತ್ತಿಲ್ಲ. ಬಂದ ಮೊದಲ ಅರ್ಧ ಗಂಟೆ ಏನೂ ಕೇಳಬೇಡಿ. ‘ಇವತ್ತು ಏನು ಕಲಿತೆ?’ ಅನ್ನುವ ಪ್ರಶ್ನೆಯಂತೂ ಬೇಡವೇ ಬೇಡ. ನೀವು ಕೆಲಸ ಮುಗಿಸಿ ಬಂದ ಕೂಡಲೇ ಯಾರಾದರೂ ವರದಿ ಕೇಳಿದರೆ ಹೇಗಿರುತ್ತದೆ? ನೀರು, ತಿನ್ನಲು ಏನಾದರೂ, ಪಕ್ಕದಲ್ಲಿ ನೀವು. ಶೂ ಹತ್ತು ನಿಮಿಷ ಕಾಲಲ್ಲೇ ಇರಲಿ. ನಿದ್ದೆಯ ಲೆಕ್ಕವನ್ನೂ ಒಮ್ಮೆ ಹಾಕಿ. ಮೂರು-ನಾಲ್ಕು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಾವು ಹಟ ಅಂತ ಕರೆಯುವುದರಲ್ಲಿ ಎಷ್ಟೋ ಸಲ ಅರ್ಧ ಬರೀ ನಿದ್ದೆಗೇಡು.

ರಂಪ ಶುರುವಾದ ಮೇಲೆ ಬುದ್ಧಿವಾದ ಕಿವಿಗೆ ಹೋಗಲ್ಲ. ಹೊಡೆಯಲು ಬಂದರೆ ಕೈ ಹಿಡಿದು ‘ಹೊಡೆಯೋಕೆ ಬಿಡಲ್ಲ’ ಅಂತ ಒಂದೇ ಸಲ ಹೇಳಿ, ಹತ್ತಿರವೇ ಕೂತಿರಿ. ಆಮೇಲೆ ತೋರಿಸೋಣ ಅಂತ ಮೊಬೈಲಲ್ಲಿ ವಿಡಿಯೋ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಇನ್ನೊಂದು ಮಾತು: ‘ಇಲ್ಲ’ ಅಂದ ಮೇಲೆ ಅದು ಇಲ್ಲವೇ ಆಗಿರಲಿ. ಐದು ಸಲ ಇಲ್ಲ ಅಂದು ಆರನೇ ಸಲ ಕೊಟ್ಟರೆ, ಆರು ಸಲ ಕೂಗಬೇಕು ಅನ್ನುವುದನ್ನೇ ನೀವು ಕಲಿಸಿದ ಹಾಗಾಯಿತು. ಕೊಡುವುದೇ ಆದರೆ ಮೊದಲ ಸಲವೇ ಕೊಟ್ಟುಬಿಡಿ, ಅದರಲ್ಲಿ ಅವಮಾನವೇನಿಲ್ಲ.

ಆಟ ನಿಲ್ಲಿಸಬೇಕಾದಾಗ ‘ಇನ್ನು ಐದು ನಿಮಿಷ’ ಅನ್ನುತ್ತೇವಲ್ಲ, ಈ ವಯಸ್ಸಿಗೆ ಅದು ಅರ್ಥವೇ ಆಗಲ್ಲ. ‘ಇನ್ನು ಮೂರು ಸಲ ಜಾರಿ, ಆಮೇಲೆ ಹೊರಡೋಣ’ ಅಂದು ನೋಡಿ. ಮೂರು ಅವನ ಬೆರಳಿನಲ್ಲಿದೆ, ಐದು ನಿಮಿಷ ಎಲ್ಲೂ ಕಾಣಿಸಲ್ಲ.

ನರ್ಸರಿಯಲ್ಲೂ ಮನೆಯಲ್ಲೂ ಒಂದೇ ಸಮ ಹೊಡೆದಾಟ, ಬಂದಿದ್ದ ಮಾತು ಹಿಂದೆ ಹೋಗುವುದು, ಹೆಸರು ಕರೆದರೆ ತಿರುಗದಿರುವುದು, ತನಗೆ ತಾನೇ ನೋವು ಮಾಡಿಕೊಳ್ಳುವುದು ಕಂಡರೆ ಮಾತ್ರ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಕಿವಿ ಪರೀಕ್ಷೆಯನ್ನೂ ಮಾಡಿಸಿ.

ಪ್ರಶ್ನೆ: ಮಗಳಿಗೆ ಮೂರೂವರೆ. ಅವಳ ನರ್ಸರಿಯಲ್ಲಿ ಮರಳು, ನೀರು, ಬ್ಲಾಕ್ ಬಿಟ್ಟರೆ ಏನೂ ಇಲ್ಲ. ನನ್ನ ತಮ್ಮನ ಮಗ ಅದೇ ವಯಸ್ಸಿಗೆ ಬೇರೆ ಕಡೆ ಪುಟಗಟ್ಟಲೆ ಅಕ್ಷರ ತಿದ್ದುತ್ತಾನೆ. ನಾವು ಹಿಂದೆ ಬಿದ್ದೆವಾ?

ಉತ್ತರ: ಒಂದು ದಿನ ಹತ್ತು ನಿಮಿಷ ಅವಳ ಆಟವನ್ನೇ ನೋಡುತ್ತಾ ಕೂರಿ. ನಾನು ಇತ್ತೀಚೆಗೆ ಅದೇ ವಯಸ್ಸಿನ ಒಬ್ಬಳನ್ನು ನೋಡಿದೆ. ಎರಡು ಕಂಬ ನಿಲ್ಲಿಸಿ ಮೇಲೆ ಹಲಗೆ ಇಟ್ಟಳು, ಹಲಗೆ ಸಾಲಲಿಲ್ಲ. ಬೇರೆ ಹಲಗೆ ಹುಡುಕಿದಳು, ಸಿಗಲಿಲ್ಲ. ಕೊನೆಗೆ ಒಂದು ಕಂಬವನ್ನೇ ಹತ್ತಿರ ಎಳೆದಳು. ‘ಈಗ ಬಂತು’ ಅಂತ ತನಗೆ ತಾನೇ ಹೇಳಿಕೊಂಡಳು. ಉದ್ದ, ಅಳತೆ, ತಪ್ಪು ತಿದ್ದಿಕೊಳ್ಳುವುದು ಎಲ್ಲವೂ ಅಲ್ಲೇ ಆಯಿತು. ಯಾವ ನೋಟ್‌ಬುಕ್ಕಿನಲ್ಲೂ ಅದು ಕಾಣಿಸಲ್ಲ, ಅದೇ ತೊಂದರೆ.

ಕೈಯ ವಿಷಯವೂ ಇದೆ. ಹುಟ್ಟಿದಾಗ ಮಣಿಕಟ್ಟಿನ ಎಂಟು ಮೂಳೆಗಳು ಇನ್ನೂ ಮೃದ್ವಸ್ಥಿ. ಒಂದೊಂದಾಗಿ ಗಟ್ಟಿಯಾಗುತ್ತಾ ಹೋಗುತ್ತವೆ, ಕೊನೆಯದು ಗಟ್ಟಿಯಾಗಲು ಶುರುವಾಗುವಾಗ ಮಗುವಿಗೆ ಎಂಟು ವರ್ಷ ದಾಟಿರುವುದೂ ಉಂಟು. ಬೆರಳಿನ ಹಿಡಿತವೂ ನಿಧಾನಕ್ಕೇ ಬರುವುದು. ಅದಕ್ಕೇ ಮೂರು ವರ್ಷದ ಎಷ್ಟೋ ಮಕ್ಕಳು ಬಳಪವನ್ನು ಮುಷ್ಟಿಯಲ್ಲಿ ಹಿಡಿಯುವುದು. ಮಣ್ಣು ಮಿದ್ದಲಿ, ಕಾಗದ ಹರಿಯಲಿ, ಬಟ್ಟೆಯ ಕ್ಲಿಪ್ ಒತ್ತಲಿ. ಪೆನ್ಸಿಲ್ ಹಿಡಿಯುವ ಬಲ ಬರುವುದು ಹೀಗೆ. ಇಪ್ಪತ್ತರವರೆಗೆ ಎಣಿಸುವ ಮಗುವಿಗೆ ‘ನಾಲ್ಕು ಗುಂಡಿ ಕೊಡು’ ಅಂದು ನೋಡಿ. ಎಷ್ಟೋ ಸಲ ಒಂದು ಹಿಡಿ ಬರುತ್ತದೆ! ಬಾಯಿಪಾಠ ಬೇರೆ, ಎಣಿಕೆ ಬೇರೆ.

ಇದು ಈಗ ಬಂದ ಫ್ಯಾಷನ್ ಏನೂ ಅಲ್ಲ. ಜರ್ಮನಿಯಲ್ಲಿ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಕೇಂದ್ರ ತೆರೆದ. ಮಕ್ಕಳ ಕೈಗೆ ಕೊಟ್ಟದ್ದು ಉಣ್ಣೆಯ ಚೆಂಡು, ಮರದ ಗೋಲ, ಘನ. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಅಂತ ಹೆಸರಿಟ್ಟ.

ಆದರೆ ಒಂದು ಎಚ್ಚರಿಕೆ. ಮಕ್ಕಳು ಆಡುವಾಗ ಟೀಚರ್ ಏನು ಮಾಡುತ್ತಾರೆ ಅಂತ ವಿಚಾರಿಸಿ. ಜೊತೆಗೆ ಕೂತು ‘ಇದು ಯಾಕೆ ಬಿತ್ತು?’ ಅಂತ ಕೇಳುತ್ತಾರಾ, ಹೊಸ ಪದ ಕೊಡುತ್ತಾರಾ, ದಿನಾ ಕಥೆ ಓದುತ್ತಾರಾ? ಆಟದ ಸಾಮಾನು ಸುರಿದು ಮೂಲೆಯಲ್ಲಿ ಫೋನ್ ನೋಡುತ್ತಾ ಕೂರುವ ಕಡೆಯಾದರೆ ನಿಮ್ಮ ಅನುಮಾನ ಸರಿ. ಮನೆಯಲ್ಲಿ ಅವಳು ಏನೋ ಗೀಚಿ ತಂದು ‘ಇದು ಅಪ್ಪನಿಗೆ ಪತ್ರ’ ಅಂದರೆ ತಿದ್ದಲು ಹೋಗಬೇಡಿ. ‘ಏನು ಬರೆದಿದ್ದೀಯ, ಓದು’ ಅನ್ನಿ. ಗೀಚಿದ್ದಕ್ಕೂ ಅರ್ಥ ಇರುತ್ತದೆ ಅಂತ ಅವಳಿಗೆ ಗೊತ್ತಾಗಿದೆಯಲ್ಲ, ಬರವಣಿಗೆ ಶುರುವಾಗುವುದೇ ಅಲ್ಲಿಂದ.

ಪ್ರಶ್ನೆ: ಎರಡೂವರೆ ವರ್ಷದ ಮಗಳು ಬೇರೆ ಮಕ್ಕಳ ಪಕ್ಕದಲ್ಲೇ ಕೂತರೂ ತನ್ನ ಪಾಡಿಗೆ ತಾನು ಆಡುತ್ತಾಳೆ. ಮಾತೂ ಆಡಲ್ಲ ಅವರ ಜೊತೆ. ಸಂಕೋಚವಾ?

ಉತ್ತರ: ಈ ವಯಸ್ಸಿಗೆ ಇದು ಸಹಜ. ಇದಕ್ಕೆ ಪಕ್ಕಪಕ್ಕದ ಆಟ ಅನ್ನೋಣ. ಅಮೆರಿಕದ ಮಿಲ್ಡ್ರೆಡ್ ಪಾರ್ಟೆನ್ ಅನ್ನುವ ಸಂಶೋಧಕಿ 1932ರಲ್ಲೇ ಇದನ್ನು ಗುರುತಿಸಿ ಬರೆದಿದ್ದಾರೆ. ಮನೆಯಲ್ಲಿ ನಿಮ್ಮ ಜೊತೆ ಮಾತಾಡುತ್ತಾಳೆ, ನಗುತ್ತಾಳೆ, ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಾಳೆ ಅಂತಾದರೆ ಚಿಂತೆ ಬೇಡ. ‘ಹೋಗು, ಅವರ ಜೊತೆ ಸೇರು’ ಅಂತ ತಳ್ಳಬೇಡಿ. ಒಂದೇ ಥರದ ಎರಡು ಬಕೆಟ್ ಇಟ್ಟು ದೂರ ಕೂರಿ. ಅವಳು ಓರೆಗಣ್ಣಲ್ಲಿ ಪಕ್ಕದವಳನ್ನು ನೋಡಿ ಅವಳಂತೆಯೇ ಮರಳು ತುಂಬುವುದು ಕಾಣಿಸುತ್ತದೆ. ಇನ್ನು ಸ್ವಲ್ಪ ತಿಂಗಳು ಹೋಗಲಿ, ‘ಪಕ್ಕದವಳ ಬಕೆಟ್ ಕಸಿದುಕೊಂಡಳು, ಏನು ಮಾಡಲಿ?’ ಅಂತ ನೀವೇ ಇನ್ನೊಂದು ಪ್ರಶ್ನೆ ಕಳಿಸುತ್ತೀರಿ.